ಮತ್ತೆ ಶುರು ಮಾಡಿದ ಗುಳಿಗೆ

ಟಿ.ಬಿ. ಗುಳಿಗೆ ಶುರುವಾದ ಕೆಲವೇ ವಾರಗಳಲ್ಲಿ ನನ್ನ ಮಗಳು ಊಟ ಬಿಟ್ಟಳು. ಒಂದು ಮುಂಜಾನೆ ಅಂಗಳದಲ್ಲಿ ತಲೆ ಬಾಚುವಾಗ ಅವಳ ಕಣ್ಣು ಹಳದಿಯಾಗಿದ್ದು ಕಂಡಿತು. ಪಕ್ಕದ ಮನೆಯವರು ಕಾಮಾಲೆಗೆ ನಾಟಿ ಔಷಧ ಕೊಡಿಸಲು ಹೇಳಿದರು. ನಾನು ಒಪ್ಪಲಿಲ್ಲ. ಗುಳಿಗೆಗಳನ್ನು ಚೀಲಕ್ಕೆ ಹಾಕಿಕೊಂಡು, ಅವಳನ್ನು ಕರೆದುಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದೆ.

ರಕ್ತ ಪರೀಕ್ಷೆ ಮಾಡಿದ ಡಾಕ್ಟರು, ಗುಳಿಗೆಯಿಂದಲೇ ಲಿವರಿಗೆ ಪೆಟ್ಟಾಗಿದೆ ಎಂದು ಎಲ್ಲವನ್ನೂ ನಿಲ್ಲಿಸಿದರು. ಕಣ್ಣು ತಿಳಿಯಾಗಿ ಹಸಿವು ಮರಳಿದ ಮೇಲೆ, ಒಂದೊಂದೇ ಗುಳಿಗೆ ಮತ್ತೆ ಶುರು ಮಾಡಬೇಕು ಎಂದರು. ಮನೆಯಲ್ಲಿ ಅದನ್ನು ಕೇಳಿ ನಮ್ಮ ಅತ್ತೆ ಮೊಮ್ಮಗಳನ್ನು ತಬ್ಬಿಕೊಂಡರು.

"ಕೂಸಿನ ಜೀವಾ ತಿನ್ನೂ ಗುಳಿಗಿ ಮತ್ಯಾಕ ಕೊಡ್ತಿಯವ್ವಾ?"

"ಬಿಟ್ರ ಟಿ.ಬಿ. ಹೋಗಂಗಿಲ್ರಿ ಅತ್ತಿ. ಒಂದು ಕೊಟ್ಟು, ರಕ್ತಾ ನೋಡಿನ ಇನ್ನೊಂದು ಕೊಡ್ತಾರ. ಕಣ್ಣು ನಾ ದಿನಾ ನೋಡ್ತೀನ್ರಿ."

ಮೊದಲ ಗುಳಿಗೆಯನ್ನು ನಾನೇ ನುಂಗಿಸಿದೆ. ಕೊನೆಗೆ ಕೊಟ್ಟ ಗುಳಿಗೆ ಮಾತ್ರ ಅವಳಿಗೆ ಒಗ್ಗಲಿಲ್ಲ, ರಕ್ತ ಪರೀಕ್ಷೆಯಲ್ಲಿ ಲಿವರಿನ ತೊಂದರೆ ಮತ್ತೆ ಕಂಡಿತು. ಅದನ್ನು ಬಿಡಿಸಿ ಬೇರೆ ಕೊಟ್ಟರು. ಹೇಳಿದಷ್ಟು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ.

ಈಗ ಅವಳಿಗೆ ಟಿ.ಬಿ. ಇಲ್ಲ, ಶಾಲೆಯಲ್ಲಿ ಖೋ ಖೋ ಆಡುತ್ತಾಳೆ. ಯಾವ ದವಾಖಾನೆಗೆ ಹೋದರೂ, ಅವರು ಚೀಟಿ ಬರೆಯುವ ಮೊದಲು ಅವಳಿಗೆ ಒಗ್ಗದ ಆ ಗುಳಿಗೆಯ ಹೆಸರು ಹೇಳುತ್ತೇನೆ.