ಗುಂಡುಕಲ್ಲಿಗೆ ಹೂ ಕೇಳಿದ್ದು

ಇವತ್ತು ಬೆಳಿಗ್ಗೆ ದೇವರ ಪಟದ ಮೇಲಿಟ್ಟ ಕಣಗಿಲೆ ಹೂವೊಂದು ಜಾರಿ ಬಿತ್ತು. ಸೊಸೆ ಕೈಮುಗಿದು, "ಬಲಕ್ಕೇ ಬಿತ್ತು ಅತ್ತೆ, ಅಂದ್ಕೊಂಡಿದ್ದು ಆಗುತ್ತೆ" ಎಂದಳು. ನನಗೆ ನಗು ಬಂತು. ದೇವರಲ್ಲಿ ಭಕ್ತಿ ಇಲ್ಲವೆಂದಲ್ಲ. ಹೂವಿನ ಮೇಲೆ ಮಾತ್ರ ಸ್ವಲ್ಪ ಅನುಮಾನ.

ಆ ಅನುಮಾನ ಹುಟ್ಟಿಸಿದವಳು ನಮ್ಮ ಗಿರಿಜಕ್ಕ. ಮಹಾರಾಜರ ಕಾಲ, ಮಧುಗಿರಿ ಕೋಟೆಯ ಕೆಳಗೆ ನಮ್ಮ ಮನೆ. ಅಕ್ಕನಿಗೆ ಪಾವಗಡದ ಕಡೆಯ, ಹೆಂಡತಿ ತೀರಿಕೊಂಡ ವ್ಯಾಪಾರಿಯೊಬ್ಬರ ಸಂಬಂಧ ಬಂದಿತ್ತು. ಅವಳಿಗೆ ಸುತರಾಂ ಇಷ್ಟವಿರಲಿಲ್ಲ. ಆದರೆ ಅವಳನ್ನು ಕೇಳುವವರಾರು? ಅಪ್ಪ ಏನಿದ್ದರೂ ಊರಮ್ಮನ ಗುಡಿಯಲ್ಲಿ ಹೂ ಕೇಳುವವರು. ಪೂಜಾರಿ ದೇವಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಿದ್ದ. ಬಲಗಡೆಯದು ಮೊದಲು ಬಿದ್ದರೆ ಆಗಲಿ, ಎಡಗಡೆಯದಾದರೆ ಬೇಡ. ನಮ್ಮ ಎಮ್ಮೆ ಕೊಂಡಿದ್ದೂ ಹಾಗೆಯೇ. ಅದು ಒದೆಯುತ್ತಿತ್ತು, ಆ ಮಾತು ಬೇರೆ.

ಅಕ್ಕ ಅಳುತ್ತ ಕೂರುವವಳಲ್ಲ. ಒರಳಿನ ಗುಂಡುಕಲ್ಲನ್ನು ನಡುಮನೆಯಲ್ಲಿ ನಿಲ್ಲಿಸಿದಳು. ಗುಡಿಯಲ್ಲಿರುವಂತೆ ಬಲಕ್ಕೆ ಕಿಟಕಿ, ಅದೇ ಕಣಗಿಲೆ, ಅದೇ ಬೆಳಗಿನ ಹೊತ್ತು. ದಿನಾ ಕಲ್ಲಿನ ಎರಡೂ ಕಡೆ ಒದ್ದೆ ಹೂ ಅಂಟಿಸಿ ಕಾಯುವುದು. ಬಲಗಡೆಯದು ಮೊದಲು ಬಿದ್ದರೆ ಹುಣಸೆಬೀಜ, ಎಡಗಡೆಯದಾದರೆ ಕಲ್ಲು. ಎತ್ತಿಡುವ ಕೆಲಸ ನನ್ನದು. ಮಮತೆ ತಡೆಯದೆ ಒಮ್ಮೆ ಬೀಜದ ಬದಲು ಕಲ್ಲಿಟ್ಟೆ. ಕಿವಿ ಹಿಂಡಿದಳು.

"ಸುಳ್ಳು ಲೆಕ್ಕ ಹಾಕ್ಬುಟ್ರೆ ನಂಗೇನು ಗೊತ್ತಾಯ್ತದೆ ಲೇ?"

ಮೊದಮೊದಲು ಎರಡೂ ಸಮಸಮ ಕಂಡವು. ಬರಬರುತ್ತ ಬೀಜದ ಗುಡ್ಡೆ ಬೆಳೆಯಿತು, ಹತ್ತಕ್ಕೆ ಏಳರಂತೆ. ಕಿಟಕಿಯ ಗಾಳಿಗೆ ಬಲಗಡೆಯ ಹೂ ಬೇಗ ಒಣಗಿ ಉದುರುತ್ತಿತ್ತು.

ಹೂ ಕೇಳುವ ಹಿಂದಿನ ದಿನ ಅಕ್ಕ ಅಪ್ಪನಿಗೆ ಗುಡ್ಡೆ ತೋರಿಸಿದಳು.

"ನಾಳೆ ಬಲಕ್ಕೆ ಬೀಳೋದೇ ಹೆಚ್ಚು ಕಣಪ್ಪ. ಗಾಳಿ ಅಂಗೈತೆ."

"ಕಲ್ಲೂ ತಾಯಿನೂ ಒಂದೇನಮ್ಮ?" ಅಪ್ಪ ರೇಗಿದರು.

"ಎಡಕ್ಕೂ ಬೀಳ್ಬೌದು, ಹತ್ತರಲ್ಲಿ ಮೂರು ಸಲ ಬಿದ್ದೈತೆ. ಎತ್ತ ಬಿದ್ರೂ ಅದು ನನ್ನ ಮನಸಲ್ಲಪ್ಪ."

ಮರುದಿನ ಗುಡಿಯಲ್ಲಿ ಬಲಗಡೆಯ ಹೂವೇ ಬಿತ್ತು. ಗಂಡಿನ ಕಡೆಯವರು ಎಲೆಅಡಿಕೆಯ ತಟ್ಟೆ ಎತ್ತಿಕೊಂಡರು. ಅಪ್ಪ ದೇವಿಯ ಬಲಕ್ಕಿದ್ದ ಕಿಟಕಿಯನ್ನೇ ನೋಡಿದರು. ಆಮೇಲೆ ಅಷ್ಟು ಜನರ ಮುಂದೆ ತಿರುಗಿ, "ಗಿರಿಜಾ, ನೀನೇನಂತೀಯಮ್ಮ?" ಎಂದರು.

"ಬ್ಯಾಡಪ್ಪ."

ತಟ್ಟೆ ಪಾವಗಡಕ್ಕೆ ವಾಪಸಾಯಿತು.

ನನ್ನ ಸರದಿ ಬಂದಾಗ ಅಪ್ಪ ಗುಡಿಗೆ ಹೋಗಲಿಲ್ಲ. ಸೀದಾ ಅಡುಗೆಮನೆಗೆ ಬಂದು ನನ್ನನ್ನೇ ಕೇಳಿದರು. ನಾನು ಪೆದ್ದಿ, ಒಲೆ ಊದುತ್ತ ಕೂತೆ. ಅವರು ಬಾಗಿಲಲ್ಲೇ ಕಾಯುತ್ತ ನಿಂತಿದ್ದರು. ಅಪ್ಪನ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಸೊಸೆಗೆ ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ, "ನೀನೇನು ಅಂದ್ಕೊಂಡಿದ್ದೆ, ನಿನಗೇನು ಬೇಕಮ್ಮ?" ಎಂದೆ. ಈ ಮನೆಗೆ ಬಂದಾಗಿನಿಂದ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ, ನಾನೂ ಸೇರಿ. ಅವಳು ಸೆರಗಿನ ತುದಿ ತಿರುವತೊಡಗಿದಳು.

ನಾನು ಕಾದೆ.