ಅವಳ ಬದಲು ನಾನು ಕೊಟ್ಟ ಉತ್ತರ

ಕಳೆದ ವರ್ಷ ಏಪ್ರಿಲ್‌ನ ಒಂದು ಭಾನುವಾರ ಬೆಳಿಗ್ಗೆ, ಬಳ್ಳಾರಿಯ ಈಜುಕೊಳದಲ್ಲಿ ನಡೆದ ಆಯ್ಕೆ ಸ್ಪರ್ಧೆಯ ಇನ್ನೂರು ಮೀಟರ್ ಫ್ರೀಸ್ಟೈಲ್‌ನಲ್ಲಿ ನನ್ನ ತಂಗಿಯ ಮಗಳು ಮೂರನೇ ಸುತ್ತಿನ ನಡುವೆ ನಿಂತುಬಿಟ್ಟಳು. ಎಡಗೈಯಲ್ಲಿ ಲೇನ್‌ಗಳ ನಡುವಿನ ಹಗ್ಗ ಹಿಡಿದಿದ್ದಳು. ಬಲಗೈ ನೀರಿನೊಳಗೇ ಇತ್ತು.

ಅವಳಿಗೆ ಆಗ ಹದಿನಾರು. ತಂಗಿಯ ಮನೆ ಸಿರುಗುಪ್ಪದಲ್ಲಿ. ನಾನು ಕುರುಗೋಡಿನಿಂದ ದಿನವೂ ಬಳ್ಳಾರಿಗೆ ಹೋಗಿ ಪತ್ರಿಕೆಯೊಂದರಲ್ಲಿ ಕೆಲಸ ಮಾಡುವವನು. ನನ್ನ ಜೊತೆ ಬಳ್ಳಾರಿಗೆ ಈಜು ತರಬೇತಿಗೆ ಬರಲಿ ಎಂದು ಅವಳನ್ನು ನಮ್ಮ ಮನೆಯಲ್ಲೇ ಇರಿಸಿಕೊಂಡಿದ್ದೆವು.

ಸ್ಪರ್ಧೆಗೆ ಎರಡು ವಾರ ಇರುವಾಗಿನಿಂದ ಅವಳು ಬಸ್ಸಿನ ಮೇಲಿನ ಕಂಬಿಯನ್ನು ಎಡಗೈಯಲ್ಲಿ ಮಾತ್ರ ಹಿಡಿಯುತ್ತಿದ್ದಳು. ತಾನೇ ಹಾಕಿಕೊಳ್ಳುತ್ತಿದ್ದ ಜಡೆಗೆ ನನ್ನ ಹೆಂಡತಿಯ ಮುಂದೆ ಕೂರತೊಡಗಿದ್ದಳು. ಎರಡನ್ನೂ ಗಮನಿಸಿದ್ದೆ. ಕೇಳಲಿಲ್ಲ.

ಕೇಳದಿರಲು ಕಾರಣವಿತ್ತು. ಸಿರುಗುಪ್ಪದ ಹುಡುಗಿ ರಾಜ್ಯಮಟ್ಟಕ್ಕೆ ಹೋಗುವುದು ಖಚಿತ ಎಂಬ ಸುದ್ದಿ ನಮ್ಮ ಜಿಲ್ಲಾ ಪುಟದಲ್ಲಿ ಆಗಲೇ ಬಂದಿತ್ತು. ಬರೆದವನು ನಾನೇ. ಹುಡುಗಿ ನನ್ನ ಸೋದರ ಸೊಸೆ ಎಂದು ಸುದ್ದಿ ತಿದ್ದುವ ಡೆಸ್ಕಿಗೆ ಹೇಳಿರಲಿಲ್ಲ. ಆಗದೇ ಇರುವುದನ್ನು ಆದಂತೆ ಬರೆದ ಕಿರಿಯರ ವರದಿಗಳನ್ನು ಎಷ್ಟೋ ಸಲ ಹೊಡೆದುಹಾಕಿದವನು ನಾನು. ಈಗ ನನ್ನ ಸುದ್ದಿ ಸುಳ್ಳಾಗಬಾರದಿತ್ತು.

ಸ್ಪರ್ಧೆಗೆ ನಾಲ್ಕು ದಿನ ಇರುವಾಗ, ಅಭ್ಯಾಸದ ಕೊನೆಯ ಸುತ್ತುಗಳಲ್ಲಿ ಅವಳ ಬಲ ಮೊಣಕೈ ನೀರಿಗೆ ತಾಗುವಷ್ಟು ಕೆಳಗಿಳಿಯಿತು. ಕೋಚ್ ಸೀಟಿ ಊದಿ ನಿಲ್ಲಿಸಿದರು.

“ಏನವ್ವ, ಸಿರುಗುಪ್ಪದ ಅಕ್ಕಿ ಉಂಡ ರಟ್ಟೇನ ಇವು? ಮೊಣಕೈ ಎತ್ತಾಕ ಆಗವಲ್ದು?”

ಪಕ್ಕದ ಲೇನಿನ ಹುಡುಗಿಯರು ನಕ್ಕರು. ಇವಳೂ ನಕ್ಕಳು.

“ಅಕ್ಕಿ ಚಲೋ ಐತ್ರಿ ಸರ್. ರಟ್ಟೀನೇ ತಕರಾರು ಮಾಡ್ತಾವ.”

ಕೋಚ್ ನಗಲಿಲ್ಲ. ಕೊಳದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತರು. “ಖರೇ ಹೇಳು. ಭುಜ ನೋಯಾಕತ್ತೈತೇನು? ನೋವಿದ್ರ ಈ ಸಲ ಬ್ಯಾಡ, ಬಿಡೋಣು.”

ಅವಳು ನನ್ನ ಕಡೆ ನೋಡಿದಳು.

“ಏನಿಲ್ರಿ ಸರ್,” ಎಂದೆ ನಾನು, ಕೊಳದ ಬದಿಯ ಮೆಟ್ಟಿಲ ಮೇಲೆ ಕೂತಲ್ಲಿಂದಲೇ. “ಮೊಬೈಲ್ ನೋಡ್ಕೋತ ಕುಂದರ್ತಾಳ, ನಿದ್ದಿ ಇಲ್ಲ. ಅಷ್ಟ.”

ಅವಳು ಒಂಬತ್ತಕ್ಕೆಲ್ಲ ಮಲಗುವವಳೆಂದು ನನಗೆ ಗೊತ್ತಿತ್ತು. ಅವಳು ಈಜುಗನ್ನಡಕ ಎಳೆದುಕೊಂಡು ಗೋಡೆಯನ್ನು ಒದ್ದು ಹೊರಟಳು. ಕೋಚ್ ಇನ್ನೂ ಎಂಟು ಸುತ್ತು ಹಾಕಿಸಿದರು.

ಸ್ಪರ್ಧೆಯ ಮರುದಿನ ಬಳ್ಳಾರಿಯ ಫಿಸಿಯೋಥೆರಪಿಸ್ಟ್ ಒಬ್ಬರು ಅವಳ ಬೆನ್ನು ನಮ್ಮ ಕಡೆ ತಿರುಗಿಸಿ, ಎರಡೂ ಕೈ ಮೇಲೆತ್ತಲು ಹೇಳಿದರು. ಎಡಗಡೆಯ ಹೆಗಲ ಮೂಳೆ ತೋಳಿನ ಜೊತೆಗೇ ಜಾರಿ ತಿರುಗಿತು. ಬಲಗಡೆಯದು ತಡವಾಗಿ ಕದಲಿ, ಅಂಚು ಹೊರಕ್ಕೆ ಉಬ್ಬಿ ನಿಂತಿತು. ಆ ಮೂಳೆಯನ್ನು ಹಿಡಿದಿರುವ ಸ್ನಾಯುಗಳು ದಣಿದರೆ ತೋಳು ಏಳಲು ಜಾಗ ಸಾಲುವುದಿಲ್ಲ, ಬೀಸಿದಾಗಲೆಲ್ಲ ಒಳಗಿನ ಸ್ನಾಯುರಜ್ಜು ಉಜ್ಜುತ್ತದೆ ಎಂದು ಅವರು ವಿವರಿಸಿದರು. ಇವಳಲ್ಲಿ ಮೊಣಕೈ ಇಳಿದದ್ದು ಆ ದಣಿವಿನಿಂದಲೇ.

“ಮೊಣಕೈ ಇಳಿದ ದಿನಾನ ನಿಂದ್ರಿಸಿದ್ರ ಇಷ್ಟ ಆಗ್ತಿರಲಿಲ್ರಿ. ಯಾರೂ ಕೇಳಲಿಲ್ಲೇನು?” ಎಂದು ನನ್ನನ್ನೇ ಕೇಳಿದರು.

“ಸರ್ ಕೇಳಿದ್ರು ಮೇಡಂ,” ಎಂದಳು ಅವಳು. “ನಾನ ಹೇಳಲಿಲ್ಲ.”

ನಾನು ಅದನ್ನು ತಿದ್ದಲಿಲ್ಲ. ಚೀಟಿ ತೆಗೆದುಕೊಂಡು ಹೊರಗೆ ಬಂದೆ.

ಪತ್ರಿಕೆಯಲ್ಲಿ ಆಯ್ಕೆಯಾದವರ ಪಟ್ಟಿ ಬಂತು. ಹಿಂದಿನ ಸುದ್ದಿಗೆ ತಿದ್ದುಪಡಿ ಬರಲಿಲ್ಲ, ನಾನು ಬರೆದುಕೊಡಲಿಲ್ಲ. ಜೂನ್‌ನಲ್ಲಿ ತಂಗಿ ಬಂದು ಮಗಳನ್ನು ಸಿರುಗುಪ್ಪಕ್ಕೆ ಕರೆದುಕೊಂಡು ಹೋದಳು. ಕೋಚ್‌ಗೆ ಉತ್ತರ ಕೊಟ್ಟವನು ನಾನು ಎಂದು ತಂಗಿಗೆ ತಿಳಿಸಿದ್ದು ದೀಪಾವಳಿ ಕಳೆದ ಮೇಲೆ, ಫೋನಿನಲ್ಲಿ. ಮಗಳು ಅಲ್ಲಿಯವರೆಗೆ ಹೇಳಿರಲಿಲ್ಲ.

ಕಳೆದ ವಾರ ತಂಗಿ ಹೇಳಿದಂತೆ ಮಗಳ ಬಲಗೈ ಈಗ ಕಿವಿಯ ಮಟ್ಟದವರೆಗೆ ಏಳುತ್ತದೆ. ನೀರಿಗಿಳಿಯಲು ಫಿಸಿಯೋಥೆರಪಿಸ್ಟ್ ಇನ್ನೂ ಒಪ್ಪಿಲ್ಲ.