ಬಾನಿಯಾದ ಡಿಶ್ಶು, ನೀಲಿ ಪರದೆ

ದೆವ್ವ, ಗಾಳಿ, ಮೈಮೇಲೆ ಬರುವುದು ಎಂದರೆ ನಗುತ್ತಿದ್ದವಳು ನಾನು. ಈಗಲೂ ನಗುತ್ತೇನೆ. ಆದರೆ ಪರಶುರಾಂಪುರದ ನನ್ನ ತವರಿನಲ್ಲಿ ಒಂದು ಸಂಜೆ ಕಂಡದ್ದನ್ನು ಮಾತ್ರ ನಕ್ಕು ತಳ್ಳಿಹಾಕಲಾರೆ. ನೀವು ನಂಬಲೇಬೇಕೆಂದು ಕೈಮುಗಿಯುವುದಿಲ್ಲ.

ಊರಿಗೆ ಕೇಬಲ್ ಸರಿಯಾಗಿ ಬಾರದ ಕಾಲದಲ್ಲಿ ಅಣ್ಣ ಮಾಳಿಗೆಯ ಮೇಲೆ ಡಿಶ್ ಹಾಕಿಸಿದ್ದ. ಸ್ವಲ್ಪ ದಿನಕ್ಕೇ ಆ ಕಂಪನಿ ಬಾಗಿಲು ಹಾಕಿತು. ಫೋನ್ ಮಾಡಿದರೆ ಎತ್ತುವವರಿಲ್ಲ. ಊರಿನವರು ಟಿವಿಗೆ ಸಿಕ್ಕಿಸುವ ಡಿಶ್ ಬಾಕ್ಸುಗಳನ್ನು ಗುಜರಿಗೆ ಹಾಕಿದರು, ಡಿಶ್ಶಿನಲ್ಲಿ ಸಂಡಿಗೆ ಒಣಗಿಸಿದರು. ನಮ್ಮ ಡಿಶ್ಶನ್ನು ಹಿತ್ತಲಾಚೆಗೆ ಕುರಿ ರೊಪ್ಪ ಹಾಕಿಕೊಂಡಿದ್ದ ಕಾಟಯ್ಯ ಕೇಳಿ ಒಯ್ದ. ಬೋಲ್ಟಿನ ತೂತುಗಳಿಗೆ ಡಾಂಬರು ಮೆತ್ತಿ, ಅಂಗಾತ ಇಟ್ಟು, ಮರಿಗಳಿಗೆ ನೀರಿನ ಬಾನಿ ಮಾಡಿಕೊಂಡ.

ಅವ್ವ ಮಾತ್ರ ದಿನಾ ಸಂಜೆ ಟಿವಿ ಹಾಕಿಕೊಂಡು ಕೂರುತ್ತಿದ್ದಳು. ಏನೂ ಬಾರದ ನೀಲಿ ಪರದೆ ನೋಡಿ ನಗುತ್ತಿದ್ದಳು. ಜನ ಆಡಿಕೊಳ್ಳತೊಡಗಿದ ಮೇಲೆ ಅಣ್ಣ ಚಳ್ಳಕೆರೆಯಿಂದ ನನ್ನನ್ನು ಕರೆಸಿದ. "ಅವ್ವಗೆ ತಲೆ ಕೆಟ್ಟೈತೆ. ಬೆಂಗ್ಳೂರಿನ ಹುಚ್ಚಾಸ್ಪತ್ರೆಗೆ ಬಿಟ್ ಬರ್ತೀನಿ, ನೀನೂ ಹೂಂ ಅನ್ನು" ಎಂದ. ನಿಜ ಹೇಳುತ್ತೇನೆ, ಹೂಂ ಎನ್ನಲೆಂದೇ ನಾನೂ ಬಸ್ಸು ಹತ್ತಿದ್ದೆ.

ಬಿಸಿಲು ಇಳಿಯುವ ಹೊತ್ತಿಗೆ ಅವ್ವನ ಪಕ್ಕ ಕೂತೆ. "ಸುಮ್ಕೆ ನೋಡೇ, ಬರ್ತಾವೆ" ಎಂದಳು. ಟಿವಿ ಪಕ್ಕದಲ್ಲೇ ಉಳಿದಿದ್ದ ನಮ್ಮ ಬಾಕ್ಸಿನ ಹಿಂದೆ ಕೈಯಾಡಿಸಿದೆ. ಡಿಶ್ಶಿನ ವೈರು ಸಿಕ್ಕಿಸುವ ಜಾಗ ಖಾಲಿ. ತಲೆಯೆತ್ತುವಷ್ಟರಲ್ಲಿ ಪರದೆಯ ನೀಲಿ ನೀರಿನಂತೆ ಅಲುಗಿತು. ಮೇಲಿನಿಂದ ಒಂದು ಕರಿ ಮೂತಿ ಇಳಿದು ಬಂದು ಗಾಜಿಗೆ ತುಟಿ ಹಚ್ಚಿತು. ಕುರಿಮರಿ! ಬಾನಿಯ ತಳದಲ್ಲಿ ಮಲಗಿ ಮೇಲೆ ನೋಡಿದರೆ ಹೇಗೆ ಕಂಡೀತೋ ಹಾಗೆ, ಮೂಗಿನ ಹೊಳ್ಳೆ, ಗದ್ದ, ಅದರ ಹಿಂದೆ ಆಕಾಶ. ಗುರುತಿಗೆಂದು ಕೊಯ್ದ ಎಡಗಿವಿಗೆ ಹಸಿ ಅರಿಶಿನ ಮೆತ್ತಿತ್ತು.

ಹಿತ್ತಲಿಗೆ ಓಡಿದೆ. ಕಾಟಯ್ಯನ ಬೆರಳೆಲ್ಲ ಅರಿಶಿನ. "ಈಗಿನ್ನೂ ಕಿವಿ ಕೊಯ್ದೆ ಕಣವ್ವ, ಇದೊಂದು ಮರಿಗೆ" ಎಂದ. ಆ ಮರಿ ನಮ್ಮ ಡಿಶ್ಶಿನಲ್ಲಿ ನೀರು ಕುಡಿಯುತ್ತಿತ್ತು.

ಒಳಗೆ ಬಂದರೆ ಪರದೆ ಬರೀ ನೀಲಿ. "ಕುಡೀತೇನೇ?" ಎಂದಳು ಅವ್ವ. ನನಗೆ ಅಳು ಬಂತು.

ಅಲ್ಲಿಂದೀಚೆಗೆ ಟಿವಿ ರಿಪೇರಿಯವರನ್ನು ಕೇಳಿದ್ದೇನೆ, ಸೈನ್ಸ್ ಮೇಷ್ಟ್ರನ್ನೂ ಕೇಳಿದ್ದೇನೆ. ಕಣ್ಣಿನ ಭ್ರಮೆ ಎಂದರು. ಎಡಗಿವಿ ಯಾವುದು, ಅರಿಶಿನ ಯಾವುದು ಎಂದು ತಿಳಿಯದ ಕಣ್ಣಲ್ಲ ನನ್ನದು. ಅದು ಹೇಗಾಯಿತೆಂದು ನನಗೆ ಗೊತ್ತಿಲ್ಲ, ಗೊತ್ತಾಗುವ ಆಸೆಯೂ ಈಗಿಲ್ಲ. ಅವ್ವ ಆ ಮನೆಯಲ್ಲೇ, ನಮ್ಮ ನಡುವೆಯೇ ಕಣ್ಣು ಮುಚ್ಚಿದಳು. ನನಗೆ ಅಷ್ಟು ಸಾಕು.

ಆ ಮರಿ ಕಂಡ ದಿನ ರಾತ್ರಿ ಊಟಕ್ಕೆ ಕೂತಾಗ ಅಣ್ಣ, "ಏನಂತೀಯ?" ಎಂದು ಕೇಳಿದ್ದ. ತಟ್ಟೆ ಸರಿಸಿ ಅವನ ಮುಖ ನೋಡಿ ಹೇಳಿದೆ: "ಟಿವೀಲಿ ಬರ್ತೈತೆ ಅಣ್ಣ. ನಾನೂ ನೋಡ್ದೆ. ಬೆಂಗ್ಳೂರಿಗೆ ಕಳ್ಸೋದಾದ್ರೆ ಇಬ್ರಿಗೂ ಟಿಕೆಟ್ ತೆಗ್ಸು."